ರಮೋನಾ ಬೆಳ್ಳಗಾದ ಶನಿವಾರ

ಕಾಸಿಮಿರೋ ಥಾರ್ಥೋಸಾ ಎಂಬ ಹೆಸರನ್ನು ಪಲೆನ್ಥಿಯಾ ಊರಿನಲ್ಲಿ ಪೂರ್ತಿಯಾಗಿ ಹೇಳಿದವರು ಇಬ್ಬರೇ: ಜ್ಞಾನಸ್ನಾನ ಮಾಡಿಸಿದ ಪಾದ್ರಿ ಮತ್ತು ಒಮ್ಮೆ ಅವನ ವ್ಯಾನಿಗೆ ದಂಡ ಹಾಕಿದ ಪೊಲೀಸಿನವನು. ಉಳಿದವರಿಗೆಲ್ಲ ಅವನು ಕಾಸಿ. ಅಲ್ಲಿನ ಮಾತಿನಲ್ಲಿ ಕಾಸಿ ಎಂದರೆ ‘ಇನ್ನೇನು’ ಎಂದರ್ಥ. ಇನ್ನೇನು ಆಗೇಬಿಟ್ಟಿತ್ತು, ಆಗಲಿಲ್ಲ, ಅಂಥ ‘ಇನ್ನೇನು’.

ಹೆಸರಿಗೆ ತಕ್ಕ ಹಾಗೆಯೇ ಬಾಳಿದ. ಊರಿನ ಫುಟ್‌ಬಾಲ್ ತಂಡಕ್ಕೆ ಇನ್ನೇನು ಆಯ್ಕೆಯಾಗಬೇಕು, ಕಾಲು ಉಳುಕಿತು. ಅಂಚೆ ಕೆಲಸದ ಪರೀಕ್ಷೆಯಲ್ಲಿ ಇನ್ನೇನು ಪಾಸಾಗಬೇಕು, ಅರ್ಧ ಅಂಕ ಕೈಕೊಟ್ಟಿತು. ಮದುವೆಯ ದಿನ ಇನ್ನೇನು ಸರಿಯಾದ ಹೊತ್ತಿಗೆ ಚರ್ಚು ತಲುಪಬೇಕು, ದಾರಿಯಲ್ಲಿ ಒಬ್ಬ ಮುದುಕಿ ಬಾಲ್ಕನಿಯಿಂದ ಕೂಗಿ ಕರೆದು ಶಟರ್ ಸಿಕ್ಕಿಕೊಂಡಿದೆ ಎಂದಳು. ಕೋಟು ಕಳಚಿ ಅವಳ ಮಂಚದ ಮೇಲಿಟ್ಟು ರಿಪೇರಿಗೆ ನಿಂತುಬಿಟ್ಟ. ಮದುಮಗಳು ಬೆಗೋನ್ಯಾ ಚರ್ಚಿನ ಬಾಗಿಲಲ್ಲಿ ಮುಕ್ಕಾಲು ಗಂಟೆ ಬಿಸಿಲು ಕಾಯಿಸಿಕೊಂಡಳು. ಅವಳ ತಾಯಿ ವಿಸಿ ಆಗಲೇ, ‘ಇವನು ನಮ್ಮನೆಗೆ ತಾತ್ಕಾಲಿಕವಾಗಿ ಬಂದಿರೋನು’ ಎಂದು ತೀರ್ಮಾನ ಮಾಡಿದ್ದಳು. ಒಂಬತ್ತು ವರ್ಷ ಕಳೆದರೂ ಆ ತೀರ್ಮಾನವನ್ನು ಹಿಂದಕ್ಕೆ ಪಡೆದಿರಲಿಲ್ಲ.

ಕಾಸಿಯ ಕಸುಬೇ ಶಟರ್. ಅಂಗಡಿಗಳದ್ದಲ್ಲ, ಮನೆ ಕಿಟಕಿಗಳದ್ದು. ಆ ದೇಶದಲ್ಲಿ ಮಲಗುವ ಕೋಣೆ ಎಂದರೆ ಕಗ್ಗತ್ತಲಾಗಬೇಕು. ಅದಕ್ಕೆಂದೇ ಪ್ರತಿ ಕಿಟಕಿಯ ಹೊರಗೂ ಪ್ಲಾಸ್ಟಿಕ್ ಪಟ್ಟಿಗಳ ಶಟರ್ ಇರುತ್ತದೆ. ಗೋಡೆಯ ಪಕ್ಕದಲ್ಲಿ ಜೋತಾಡುವ ಲಾಡಿ ಎಳೆದರೆ ಗೊರಗೊರ ಸದ್ದು ಮಾಡುತ್ತ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಲಾಡಿ ಸವೆದು ಹರಿದಾಗ, ಪಟ್ಟಿ ಓರೆಯಾಗಿ ಸಿಕ್ಕಿಕೊಂಡಾಗ ಊರು ಕಾಸಿಗೆ ಫೋನ್ ಮಾಡುತ್ತದೆ. ಯಾರ ಮನೆಯ ಮಂಚದ ಕೆಳಗೆ ಎಷ್ಟು ದೂಳಿದೆ, ಯಾವ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆ, ಎಲ್ಲವೂ ಅವನಿಗೆ ಗೊತ್ತು. ಹೇಳುವುದಿಲ್ಲ. ಬೆಗೋನ್ಯಾಗೆ ಮಾತ್ರ ಹೇಳುತ್ತಾನೆ.

ಅವನು ಮಾಡಿದ ದೊಡ್ಡ ತಪ್ಪು ಮಗಳು ಹುಟ್ಟಿದಾಗಿನದು. ಅಲ್ಲಿ ಮಗುವಿಗೆ ಎರಡು ಮನೆತನದ ಹೆಸರು, ಅಪ್ಪನದೊಂದು, ಅಮ್ಮನದೊಂದು. ಯಾವುದು ಮೊದಲು ಬರಬೇಕು ಎಂದು ನೋಂದಣಿ ಕಚೇರಿಯಲ್ಲಿ ಕೇಳುತ್ತಾರೆ. ಬೆಗೋನ್ಯಾಳ ಮನೆತನ ಅಬಾದ್, ಅವರ ಅಕ್ಷರಮಾಲೆಯ ಮೊದಲ ಅಕ್ಷರದಿಂದ ಶುರು. ಕಾಸಿಯದು ಥಾರ್ಥೋಸಾ, ಬರೆಯುವಾಗ ಝಡ್ ಎಂಬ ಕಟ್ಟಕಡೆಯ ಅಕ್ಷರದಿಂದ ಶುರು. ಶಾಲೆಯ ಹಾಜರಿಯಲ್ಲಿ, ಚುಚ್ಚುಮದ್ದಿನ ಸಾಲಿನಲ್ಲಿ, ಕೊನೆಗೆ ಊಟದ ತಟ್ಟೆಗೂ ಕಡೆಯವನಾಗಿ ನಿಂತು ಬೆಳೆದವನಿಗೆ ಬುದ್ಧಿ ಬರಬೇಕಿತ್ತು. ಆದರೆ ಕೌಂಟರಿನಲ್ಲಿ ಕೂತಿದ್ದ ಹೆಂಗಸು, ಏನು ಬರೆಯಲಿ ಎಂದು ಕೇಳಿದಾಗ ಅವನಿಗೆ ಎಲ್ಲಿಲ್ಲದ ಗಂಡಸುತನ ಉಕ್ಕಿಬಂದು ಥಾರ್ಥೋಸಾ ಎಂದ. ಹೆರಿಗೆಯ ಸುಸ್ತಿನಲ್ಲಿದ್ದ ಬೆಗೋನ್ಯಾ ಏನಾದರೂ ಬರಕೋ ಎಂದಿದ್ದಳು. ಆ ಸುಸ್ತು ಇಳಿದ ದಿನದಿಂದ ಆ ಮಾತು ಎತ್ತದ ವಾರವಿಲ್ಲ.

ಈಗ ಕಾಂದೆಲಾಗೆ ಐದು ವರ್ಷ. ಅವಳ ತರಗತಿಯಲ್ಲಿ ರಮೋನಾ ಎಂಬ ಬಟ್ಟೆಯ ಕಪ್ಪೆ ಇತ್ತು, ಗಿಳಿ ಹಸಿರು ಬಣ್ಣದ್ದು. ಪ್ರತಿ ಶುಕ್ರವಾರ ಅದು ಒಂದು ಮಗುವಿನ ಮನೆಗೆ ಹೋಗಿ ಸೋಮವಾರ ವಾಪಸಾಗಬೇಕು, ಜೊತೆಗೊಂದು ದಪ್ಪ ನೋಟ್‌ಬುಕ್. ರಮೋನಾ ಆ ಮನೆಯಲ್ಲಿ ಎರಡು ದಿನ ಏನೇನು ಮಾಡಿದಳು ಎಂದು ಮಗು ಹೇಳಬೇಕು, ಮನೆಯವರು ಬರೆದು ಫೋಟೋ ಅಂಟಿಸಬೇಕು. ಸೋಮವಾರ ಟೀಚರ್ ಎಲ್ಲರೆದುರು ಓದುತ್ತಾರೆ. ಕಪ್ಪೆ ಹೋಗುವುದು ಹಾಜರಿ ಪಟ್ಟಿಯ ಪ್ರಕಾರ. ಸೆಪ್ಟೆಂಬರಿನಲ್ಲಿ ಬ್ರೂನೋ ಅಗ್ವಾದೋನ ಮನೆಯಿಂದ ಹೊರಟದ್ದು ರಜೆ, ಹಬ್ಬ, ಜ್ವರ ಎಂದು ನಡುನಡುವೆ ನಿಂತು ಇಪ್ಪತ್ತಮೂರು ಮನೆ ಸುತ್ತಿ ಜೂನ್ ಎರಡನೆಯ ಶುಕ್ರವಾರ ಕಾಂದೆಲಾಳ ಕಂಕುಳಿಗೆ ಬಂತು. ಅಬಾದ್ ಎಂದು ಬರೆಸಿದ್ದರೆ ಬ್ರೂನೋಗಿಂತ ಮೊದಲು ಬರುತ್ತಿತ್ತು ಎಂದು ಬೆಗೋನ್ಯಾ ಆ ಸಂಜೆ ಎರಡು ಸಲ ಹೇಳಿದಳು.

ಮಕ್ಕಳನ್ನು ಮಲಗಿಸುವ ಮೊದಲು ಗಂಡಹೆಂಡಿರು ನೋಟ್‌ಬುಕ್ ತಿರುವಿಹಾಕಿದರು. ರಮೋನಾ ಹಿಮದ ಮೇಲೆ ಜಾರಿದ್ದಳು. ಕುದುರೆ ಸವಾರಿ ಮಾಡಿದ್ದಳು. ಪ್ಯಾರಿಸ್ಸಿನ ಗೋಪುರದ ಎದುರು ನಿಂತಿದ್ದಳು. ಒಂದು ಮನೆಯವರು ಅವಳಿಗೆ ಪುಟ್ಟ ಈಜುಡುಗೆ ಹೊಲಿಸಿದ್ದರು. ಒಬ್ಬ ತಂದೆ, ಹಲ್ಲಿನ ಡಾಕ್ಟರು, ಕಪ್ಪೆಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಹಲ್ಲು ಪರೀಕ್ಷೆ ಮಾಡುವ ಫೋಟೋ ತೆಗೆಸಿದ್ದ. ಕಪ್ಪೆಗೆ ಹಲ್ಲಿಲ್ಲ ಎಂಬುದು ಅವನ ಗಮನಕ್ಕೆ ಬಂದಂತಿರಲಿಲ್ಲ. ಈ ಕಪ್ಪೆ ನಮಗಿಂತ ಚೆನ್ನಾಗಿ ಬದುಕಿದೆ ಎಂದ ಕಾಸಿ. ಆದರೆ ಕಾಂದೆಲಾ ತರಗತಿಯಲ್ಲಿ ಆಗಲೇ ಸಾರಿಬಿಟ್ಟಿದ್ದಳು, ನಮ್ಮಪ್ಪ ರಮೋನಾಗೆ ಸಮುದ್ರ ತೋರಿಸ್ತಾರೆ ಅಂತ. ಇಪ್ಪತ್ತಮೂರು ಮನೆ ಕಾದು ಕೂತ ಮಗು. ನೋಟ್‌ಬುಕ್ಕಿನಲ್ಲಿ ಉಳಿದಿದ್ದು ಒಂದೇ ಹಾಳೆ. ಆ ಹಾಳೆಯ ಮೇಲೂ ‘ಇನ್ನೇನು’ ಬೀಳಬಾರದು ಎಂದು ಕಾಸಿ ಮನಸ್ಸಿನಲ್ಲೇ ಪಣ ತೊಟ್ಟ.

ಸಮುದ್ರಕ್ಕೆ ಉತ್ತರದ ದಾರಿಯಲ್ಲಿ ಎರಡು ಗಂಟೆ. ಹೋಗುವುದಾದರೆ ಶನಿವಾರವೇ ಹೋಗಬೇಕು. ಭಾನುವಾರ ಬೆಗೋನ್ಯಾಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪಾಳಿ, ಕಾರು ಅವಳ ಜೊತೆ ಹೋಗುತ್ತದೆ, ಕಾಸಿಯ ವ್ಯಾನಿನಲ್ಲಿ ಇರುವುದು ಎರಡೇ ಸೀಟು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಲೂಗಡ್ಡೆ ಆಮ್ಲೆಟ್ ಡಬ್ಬಿಗೆ ಬಿದ್ದಿತ್ತು, ಮೂರು ವರ್ಷದ ಮಗ ತೆಲ್ಮೋ ಚಡ್ಡಿ ಹಾಕಿಸಿಕೊಳ್ಳಲು ಒಪ್ಪಿದ್ದ. ಆಗ ವಿಸಿ ಫೋನ್ ಮಾಡಿದಳು. ಮಲಗುವ ಕೋಣೆಯ ಶಟರ್ ಕೆಳಗೆ ಬಿದ್ದು ಸಿಕ್ಕಿಕೊಂಡಿದೆ, ಗೋರಿಯೊಳಗೆ ಇದ್ದ ಹಾಗಿದೆ ಎಂದಳು. ದೀಪ ಹಾಕಿಕೊಳ್ಳಿ ಅತ್ತೆ, ಸಂಜೆ ಬಂದು ನೋಡ್ತೀನಿ ಎಂದ ಕಾಸಿ.

“ಊರಿನ ಮುದುಕೀರಿಗೆಲ್ಲ ಮದುವೆ ದಿನಾನೂ ಓಡಿಹೋಗಿ ಮಾಡಿಕೊಡ್ತೀಯ,” ಎಂದಳು ವಿಸಿ. “ನಾನು ಸಂಜೆವರೆಗೆ ಹೆಣದ ಹಾಗೆ ಬಿದ್ದಿರ್ತೀನಿ ಬಿಡಪ್ಪ.”

ಅರ್ಧ ಗಂಟೆಯ ಕೆಲಸ ಎಂದುಕೊಂಡು ಎಲ್ಲರೂ ಸೇರಿ ಕಾರಿನಲ್ಲಿ ಹೋದರು. ವಿಸಿಯ ಮನೆ ಹಳೇ ಊರಿನ ಚೌಕದ ಮೇಲೆ, ಎರಡನೆಯ ಮಹಡಿ. ಬೆಗೋನ್ಯಾ ತೆಲ್ಮೋನನ್ನು ಕರೆದುಕೊಂಡು ಬ್ರೆಡ್ಡು, ಪೆಟ್ರೋಲು ಎಂದು ಕಾರು ತೆಗೆದುಕೊಂಡು ಹೋದಳು. ಕಾಸಿ ಕತ್ತಲ ಕೋಣೆಯಲ್ಲಿ ಏಣಿ ಹಾಕಿ ಕಿಟಕಿಯ ಮೇಲೆ ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆ ಬಿಚ್ಚಿದ. ಟಾರ್ಚ್ ಹಿಡಿಯಲು ಕಾಂದೆಲಾ ಬೇಕಾದಳು. ಎರಡು ಕೈಯಲ್ಲೂ ಟಾರ್ಚ್ ಹಿಡಿಯಬೇಕಾದ್ದರಿಂದ ರಮೋನಾಳನ್ನು ಅಡುಗೆಮನೆಯ ಕುರ್ಚಿಯ ಮೇಲೆ ಕೂರಿಸಿ ಬಂದಳು.

ವಿಸಿ ಕಪ್ಪೆಯನ್ನು ಕಂಡದ್ದು ಹಾಗೆ. ವಿಸಿಯ ದೈವಭಕ್ತಿ ಭಾನುವಾರಕ್ಕೆ ಸೀಮಿತ. ಬ್ಲೀಚಿನ ಮೇಲಿನ ಭಕ್ತಿಗೆ ವಾರವಿಡೀ ಬಿಡುವಿಲ್ಲ. ನೆಲಕ್ಕೆ ಬ್ಲೀಚು, ಸಿಂಕಿಗೆ ಬ್ಲೀಚು, ತರಕಾರಿ ತೊಳೆಯುವ ನೀರಿಗೂ ಒಂದು ಹನಿ. ಗಂಡ ಬದುಕಿದ್ದಾಗ ಅವನ ಬಿಳಿ ಅಂಗಿಗಳನ್ನು ಕನ್ನಡಿಯ ಹಾಗೆ ಹೊಳೆಯಿಸಿದ್ದಳು, ಬಿಳಿಯಲ್ಲದವನ್ನೂ ಬಿಳಿ ಮಾಡಿದ್ದಳು. ಇಪ್ಪತ್ತಮೂರು ಮನೆಯ ಎಂಜಲು ಮೆತ್ತಿದ ಬಟ್ಟೆಯೊಂದು ತನ್ನ ಕುರ್ಚಿಯ ಮೇಲೆ ಕೂತಿರುವುದನ್ನು ನೋಡಿ ಅವಳಿಗೆ ಒಂದು ನಿಮಿಷವೂ ತಡೆಯಲಾಗಲಿಲ್ಲ. ಬಕೆಟ್ಟು ಎಳೆದಳು.

ಕಾಸಿ ಏಣಿಯ ಮೇಲಿಂದ ನೋಡಿದರೆ ಲಾಡಿ ಪೂರ್ತಿ ಕೊಳೆತಿತ್ತು. ಹೊಸ ಲಾಡಿ ತರಲು ವ್ಯಾನಿಗೆ ಹೋಗಬೇಕು, ವ್ಯಾನು ಅವನ ಮನೆಯ ಹತ್ತಿರ ಇದೆ. ಅಲ್ಲಿಯವರೆಗೆ ನಡೆದು ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ವ್ಯಾನನ್ನೇ ತಂದು ಚೌಕದಲ್ಲಿ ನಿಲ್ಲಿಸಿ, ಹೊಸ ಲಾಡಿ ಹಿಡಿದು ಮೇಲೆ ಬಂದಾಗ ಕಾಂದೆಲಾ ಅಡುಗೆಮನೆಯ ಕಿಟಕಿಯಲ್ಲಿ ಕಲ್ಲಿನಂತೆ ನಿಂತಿದ್ದಳು. ಹೊರಗೆ, ಕಟ್ಟಡದ ಒಳಂಗಳಕ್ಕೆ ಕಟ್ಟಿದ ಹಗ್ಗದ ಮೇಲೆ, ಅಜ್ಜಿಯ ಎರಡು ದೊಡ್ಡ ಚಡ್ಡಿಗಳ ನಡುವೆ, ಕಾಲಿಗೆ ಕ್ಲಿಪ್ಪು ಕಚ್ಚಿಸಿಕೊಂಡು ಒಂದು ಕಪ್ಪೆ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಬಣ್ಣ ಅನ್ನದ ಗಂಜಿಯ ಬಣ್ಣ. ಹೊಟ್ಟೆಯ ಹತ್ತಿರ ಮಾತ್ರ ಒಂದು ಅಂಗೈಯಷ್ಟು ಹಸಿರು ಉಳಿದಿತ್ತು, ಪಾಚಿ ಕಟ್ಟಿದ ಹಾಗೆ.

“ಈಗ ಮುಟ್ಟಬಹುದು ನೋಡು ಅದನ್ನ,” ಎಂದಳು ವಿಸಿ ಹೆಮ್ಮೆಯಿಂದ.

ಕಾಂದೆಲಾ ಅಳಲಿಲ್ಲ. ಅತ್ತಿದ್ದರೆ ಒಂದು ಐಸ್‌ಕ್ರೀಮಿನಲ್ಲಿ ಮುಗಿಯುತ್ತಿತ್ತು. ಅವಳು ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಎಲ್ಲರ ಹತ್ರಾನೂ ಹಸಿರಾಗೇ ಇತ್ತು. ನನ್ ಹತ್ರ ಬಂದು ಕೆಟ್ಟೋಯ್ತು. ಎಲ್ಲಾರೂ ನಾನೇ ಕೆಡಿಸಿದೆ ಅಂತಾರೆ.” ಆಮೇಲೆ ಅಜ್ಜಿಯ ಕತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಮುದ್ರಕ್ಕೆ ಬರುವುದಿಲ್ಲವಂತೆ. ಬಿಳಿ ಕಪ್ಪೆಯ ಫೋಟೋ ತೆಗೆಯುವುದು ಬೇಡವಂತೆ. ಸೋಮವಾರ ಶಾಲೆಗೂ ಹೋಗುವುದಿಲ್ಲವಂತೆ.

ಬ್ರೆಡ್ಡು ಹಿಡಿದು ಮೇಲೆ ಬಂದ ಬೆಗೋನ್ಯಾ ಮೊದಲು ತಾಯಿಯನ್ನು ಬೈದಳು. ತಾಯಿ ಬಗ್ಗಲಿಲ್ಲ. ನಿನ್ನನ್ನೂ ಇದೇ ಬಕೆಟ್ಟಿನಲ್ಲಿ ತೊಳೆದು ಬೆಳೆಸಿದ್ದು, ಏನಾಗಿದೆ ನಿನಗೆ ಎಂದಳು. ಆಮೇಲೆ ಬೆಗೋನ್ಯಾ ಗಂಡನ ಕಡೆ ತಿರುಗಿದಳು.

“ಅಬಾದ್ ಅಂತ ಬರೆಸಿದ್ರೆ ಸೆಪ್ಟೆಂಬರಲ್ಲೇ ಬಂದು ಹೋಗ್ತಿತ್ತು. ಆವಾಗ ಅಮ್ಮಂಗೆ ಕೈನೋವಿತ್ತು, ಬಟ್ಟೆ ಒಗೀತಿರ್ಲಿಲ್ಲ.”

ಕಾಸಿ ಆಟಿಕೆ ಅಂಗಡಿಗೆ ಫೋನ್ ಮಾಡಿದ. ಅಂಥ ಕಪ್ಪೆ ಬರುವುದು ನಿಂತು ಎರಡು ತಿಂಗಳಾಯಿತು ಎಂದರು. ವಿಸಿ ಪಾಲಕ್ ಬೇಯಿಸಿದ ನೀರಿನಲ್ಲಿ ಅದ್ದಿದರೆ ಹಸಿರಾಗುತ್ತದೆ ಎಂದಳು. ಪಾಲಕ್ ವಾಸನೆಯ ಕಪ್ಪೆ ಯಾರಿಗೆ ಬೇಕು ಎಂದಳು ಬೆಗೋನ್ಯಾ. ಆಗ ಕಾಸಿಗೆ ವ್ಯಾನಿನಲ್ಲಿದ್ದ ಡಬ್ಬಿ ನೆನಪಾಯಿತು. ಹಳೇ ಮರದ ಶಟರುಗಳಿಗೆ ಬಳಿಯುವ ಹಸಿರು ಬಣ್ಣ, ಮಳೆ ಬಿಸಿಲಿಗೆ ಜಗ್ಗದ್ದು. ಇಳಿದು ತಂದ. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿ ಕಪ್ಪೆಯನ್ನು ಅಂಗಾತ ಮಲಗಿಸಿ ಬ್ರಷ್ಷು ಅದ್ದಿದ.

“ತಡಿ,” ಎಂದಳು ವಿಸಿ. ಕನ್ನಡಕ ಮೂಗಿಗೇರಿಸಿ ಕಪ್ಪೆಯನ್ನು ಕೈಗೆತ್ತಿಕೊಂಡಳು. ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತವಳು. ಒದ್ದೆ ಬಟ್ಟೆಯನ್ನು ಬೆರಳಿನಿಂದ ಒತ್ತುತ್ತ, ತಿರುವುತ್ತ ಹೋದಳು. ಕೊಳೆ, ಬಣ್ಣ ಎರಡೂ ಹೋದ ಮೇಲೆ ಎಲ್ಲ ಎದ್ದು ಕಾಣುತ್ತಿತ್ತು. ಬಲಗಾಲನ್ನು ಕಪ್ಪು ದಾರದಲ್ಲಿ ಹೊಲಿದಿದ್ದರು. ಎಡಗಣ್ಣು ಕಪ್ಪೆಯದಲ್ಲ, ಯಾರದೋ ಕೋಟಿನ ಗುಂಡಿ. ಬೆನ್ನಿನ ಕೆಳಗೆ ನಾಯಿ ಹಲ್ಲಿನ ಗುರುತು, ಅದರ ಮೇಲೆ ಅಂಟು. ಕತ್ತಿನ ಸುತ್ತ ಎರಡು ಸಲ ಹೊಲಿಗೆ; ಒಂದು ಸೂಜಿ ಹಿಡಿದೇ ಗೊತ್ತಿಲ್ಲದವರದ್ದು, ಇನ್ನೊಂದು ಅದನ್ನು ನೋಡಿ ನಕ್ಕವರದ್ದು.

“ಇದರ ತಲೆ ಒಂದ್ಸಲ ಪೂರ್ತಿ ಕಿತ್ತು ಬಂದಿದೆ,” ಎಂದಳು ವಿಸಿ. “ಪ್ಯಾರಿಸ್ಸಿಗೆ ಹೋದೋರಾ, ಹಿಮಕ್ಕೆ ಹೋದೋರಾ, ಯಾರು ಅಂತ ದೇವರಿಗೇ ಗೊತ್ತು. ಪುಸ್ತಕದಲ್ಲಿ ಬರೆದಿದಾರಾ?”

ಬೆಗೋನ್ಯಾ ನೋಟ್‌ಬುಕ್ ತೆಗೆದು ಮೊದಲಿನಿಂದ ಕೊನೆಯವರೆಗೆ ನೋಡಿದಳು. ತಲೆ ಕಿತ್ತ ಸುದ್ದಿ ಎಲ್ಲೂ ಇರಲಿಲ್ಲ. ಇಪ್ಪತ್ತಮೂರು ಮನೆಯವರೂ ಸಂತೋಷವಾಗಿದ್ದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಕಾಸಿ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಮುಚ್ಚಳ ಹಾಕಿದ. ಕಪ್ಪೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕತ್ತಲ ಕೋಣೆಗೆ ಹೋದ.

ಮಗಳು ಅಜ್ಜಿಯ ಮಂಚದ ಮೇಲೆ ಶೂ ಸಮೇತ ಮಲಗಿದ್ದಳು. ಕಾಸಿ ಪಕ್ಕದಲ್ಲಿ ಒರಗಿ ಅವಳ ಕೈ ಹಿಡಿದು, ಕತ್ತಲಲ್ಲೇ ಕಪ್ಪೆಯ ಕಾಲಿನ ದಾರ, ಕಣ್ಣಿನ ಗುಂಡಿ, ಕತ್ತಿನ ಹೊಲಿಗೆ ಒಂದೊಂದನ್ನೇ ಮುಟ್ಟಿಸಿದ. ಎಲ್ಲರ ಮನೆಯಲ್ಲೂ ಇದಕ್ಕೆ ಏನೋ ಒಂದು ಆಗಿದೆ, ಯಾರೂ ಹೇಳಿಲ್ಲ ಅಷ್ಟೆ ಎಂದ. ಅವಳು ಕತ್ತನ್ನು ಬಹಳ ಹೊತ್ತು ಸವರಿದಳು.

“ತಲೆ ಕಿತ್ತಾಗ ಅತ್ತಿರುತ್ತಾ?”

“ಅತ್ತಿರುತ್ತೆ.”

“ಅದಕ್ಕೇ ಬೆಳ್ಳಗಾಗಿದೆ. ಭಯಕ್ಕೆ. ಎಷ್ಟೊಂದು ಮನೆ ತಿರುಗಿ ಮುದುಕಿ ಆಗೋಗಿದಾಳೆ.” ಕಪ್ಪೆಯನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ಹೊರಳಿದಳು: “ಅಪ್ಪ, ಮೇಲೆ ಯಾರೋ ನಡೀತಿದಾರೆ.”

ಕಾಸಿ ತಲೆಯೆತ್ತಿ ನೋಡಿದ. ಅವನು ಏಣಿಯಿಂದ ಇಳಿಯುವಾಗ ಶಟರ್ ಓರೆಯಾಗಿ ನಿಂತು ಎರಡು ಪಟ್ಟಿಗಳ ನಡುವೆ ಒಂದು ಸಣ್ಣ ಸಂದು ಬಿಟ್ಟಿತ್ತು. ಜೂನ್ ತಿಂಗಳ ನಡುಹಗಲಿನ ಬೆಳಕು ಅದರಿಂದ ನುಗ್ಗಿ ಚಾವಣಿಯ ಮೇಲೆ ಬಿದ್ದಿತ್ತು. ಸೂಜಿರಂಧ್ರದ ಕ್ಯಾಮೆರಾದಲ್ಲಿ ಮೂಡುವ ಹಾಗೆ ಅದರಲ್ಲಿ ಚೌಕದ ಜನ ತಲೆಕೆಳಗಾಗಿ ಓಡಾಡುತ್ತಿದ್ದರು, ಮಸುಕು ಮಸುಕಾಗಿ. ಅವನು ಚಿಕ್ಕವನಿದ್ದಾಗ, ಊಟವಾದ ಮೇಲೆ ಬಲವಂತವಾಗಿ ಮಲಗಿಸಿದ ಮಧ್ಯಾಹ್ನಗಳಲ್ಲಿ, ಇದನ್ನೇ ನೋಡುತ್ತ ಬಿದ್ದಿರುತ್ತಿದ್ದ. ಆಮೇಲೆ ಇಪ್ಪತ್ತು ವರ್ಷ ಜನರ ಮನೆಗೆ ಹೋಗಿ ಇಂಥ ಸಂದುಗಳನ್ನೆಲ್ಲ ಮುಚ್ಚಿ ಕೂಲಿ ತೆಗೆದುಕೊಂಡಿದ್ದ.

ಎದ್ದು ಹೋಗಿ ಪಟ್ಟಿಗಳನ್ನು ಬೆರಳಿನಿಂದ ಮೀಟಿದ. ಅಕ್ಕಪಕ್ಕದ ಸಂದುಗಳನ್ನೆಲ್ಲ ಒತ್ತಿ ಮುಚ್ಚಿ, ಉಳಿದ ಒಂದನ್ನು ಕಾಗದದ ಚೂರು ಸಿಕ್ಕಿಸಿ ಸಣ್ಣ ಕಿಂಡಿ ಮಾಡಿದ. ಕತ್ತಲು ಗಟ್ಟಿಯಾಯಿತು. ಚಾವಣಿಯ ಚಿತ್ರ ಸ್ಪಷ್ಟವಾಯಿತು. ಕೆಂಪು ಬಸ್ಸೊಂದು ಚಕ್ರ ಮೇಲೆ ಮಾಡಿಕೊಂಡು ಹೋಯಿತು. ಕಾಂದೆಲಾ ಎದ್ದು ಕೂತು ಕಪ್ಪೆಯ ಮುಖವನ್ನು ಮೇಲಕ್ಕೆ ತಿರುಗಿಸಿದಳು.

ಐದು ನಿಮಿಷದಲ್ಲಿ ತೆಲ್ಮೋ ಮಂಚದ ಮೇಲಿದ್ದ, ಹತ್ತು ನಿಮಿಷದಲ್ಲಿ ಬೆಗೋನ್ಯಾ. ವಿಸಿ ಬಾಗಿಲಲ್ಲಿ ನಿಂತು, ಶೂ ಹಾಕಿಕೊಂಡು ನನ್ನ ಹಾಸಿಗೆ ಮೇಲೆ ಎಂದು ಶುರು ಮಾಡಿದವಳು ಚಾವಣಿ ನೋಡಿ ಕನ್ನಡಕ ಸರಿಮಾಡಿಕೊಂಡಳು. ಒಂದು ತಲೆಕೆಳಗಾದ ಹೆಂಗಸು ಕೈಚೀಲ ಬೀಸುತ್ತ ಹೋಗುತ್ತಿದ್ದಳು.

“ಅದು ಕೆಳಗಿನ ಮನೆ ಎಲಾದಿಯಾ,” ಎಂದಳು ವಿಸಿ. “ನಡಿಗೆ ನೋಡಿದ್ರೆ ಗೊತ್ತಾಗಲ್ವ. ಮಂಡಿ ನೋವು ಅಂತ ನನ್ ಹತ್ರ ಮೆಟ್ಟಿಲು ಗುಡಿಸೋಕೆ ಆಗಲ್ಲ ಅಂತಾಳೆ. ಸರಿ, ಜರುಗಿ.”

ಆಮ್ಲೆಟ್ಟನ್ನು ಅಲ್ಲೇ, ಕತ್ತಲಲ್ಲೇ, ಕೈಯಲ್ಲಿ ಹಿಡಿದು ತಿಂದರು. ಹಾಸಿಗೆಯ ಮೇಲೆ ಚೂರು ಬಿದ್ದರೂ ವಿಸಿ ಬ್ಲೀಚಿನ ಮಾತೆತ್ತಲಿಲ್ಲ, ಎಲಾದಿಯಾ ಎಷ್ಟು ಸಲ ಹೋಗಿ ಬಂದಳು ಎಂದು ಎಣಿಸುತ್ತಿದ್ದಳು. ಮೂರು ಗಂಟೆಗೆ ಕಾಸಿ, ಈಗಲೂ ಹೊರಟರೆ ಸಂಜೆ ಬೆಳಕಿಗೆ ಸಮುದ್ರ ಸಿಗುತ್ತದೆ ಎಂದ. ಕಾಂದೆಲಾ ಅಪ್ಪನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. ಸಮುದ್ರವನ್ನು ಇಬ್ಬರು ಆಗಲೇ ಬರೆದಿದ್ದಾರೆ, ಜನ ಚಾವಣಿ ಮೇಲೆ ನಡೆಯುವುದನ್ನು ಯಾರೂ ಬರೆದಿಲ್ಲ ಎಂದಳು. ಶಟರ್ ರಿಪೇರಿ ಅರ್ಧಕ್ಕೇ ನಿಂತಿತು. ಆ ಮನೆಯಲ್ಲಿ ಕಾಸಿಯ ಅರ್ಧ ಕೆಲಸಕ್ಕೆ ಯಾರೂ ಬೈಯದ ಮೊದಲ ದಿನ ಅದು.

ಭಾನುವಾರ ಬೆಗೋನ್ಯಾ ಪಾಳಿಗೆ ಹೋದಳು. ಕಾಂದೆಲಾ ಹೇಳುತ್ತ ಹೋದಳು, ಕಾಸಿ ತನ್ನ ಬಿಲ್ ಪುಸ್ತಕದ ಅಕ್ಷರದಲ್ಲಿ ಬರೆಯುತ್ತ ಹೋದ. ರಮೋನಾ ಸಮುದ್ರ ನೋಡಲಿಲ್ಲ. ಅಜ್ಜಿ ಅವಳಿಗೆ ಬ್ಲೀಚಿನ ಸ್ನಾನ ಮಾಡಿಸಿದಳು. ರಮೋನಾ ಅಜ್ಜಿಯ ಚಡ್ಡಿಗಳ ಜೊತೆ ಹಗ್ಗದ ಮೇಲೆ ಇದ್ದಳು. ರಮೋನಾ ಎಷ್ಟೊಂದು ಮನೆ ತಿರುಗಿ ಮುದುಕಿ ಆಗಿದ್ದಾಳೆ, ಅದಕ್ಕೇ ಬೆಳ್ಳಗಿದ್ದಾಳೆ. ಅವಳ ಒಂದು ಕಣ್ಣು ಕೋಟಿನ ಗುಂಡಿ. ಅವಳ ತಲೆ ಒಂದು ಸಲ ಕಿತ್ತು ಬಂದಿತ್ತು, ಯಾರೋ ಹೊಲಿದರು, ಅವರಿಗೆ ಹೊಲಿಯಲು ಬರುವುದಿಲ್ಲ ಎಂದು ಅಜ್ಜಿ ಹೇಳಿದಳು. ಆಮೇಲೆ ನಾವು ಚಾವಣಿಯ ಮೇಲೆ ನಡೆಯುವವರನ್ನು ನೋಡಿದೆವು. ‘ಚಡ್ಡಿ’ ಎಂಬ ಮಾತನ್ನು ತೆಗೆಯೋಣವೇ ಎಂದು ಕಾಸಿ ಕೇಳಿದ. ಬೇಡ ಎಂದಳು.

ಸೋಮವಾರ ಟೀಚರ್ ಓದಿದರು. ಚಡ್ಡಿಯ ಹತ್ತಿರ ತರಗತಿ ಹೊರಳಾಡಿ ನಕ್ಕಿತಂತೆ. ತಲೆಯ ಹತ್ತಿರ ಬಂದಾಗ ಬ್ರೂನೋ ಅಗ್ವಾದೋ ಎದ್ದು ನಿಂತು, ಅದು ನಮ್ಮನೇಲಿ ಆಗಿದ್ದು, ಅಪ್ಪ ಹೊಲಿದಿದ್ದು, ಯಾರಿಗೂ ಹೇಳಬಾರದು ಅಂದಿದ್ದರು ಎಂದನಂತೆ. ಆಮೇಲೆ ಒಬ್ಬೊಬ್ಬರೇ ಎದ್ದರು. ನಾಯಿ ಯಾರದು, ಕೋಟು ಯಾರದು, ಎಲ್ಲ ಹೊರಬಂತು. ಗಿಳಿ ಹಸಿರನ್ನು ಯಾರೂ ಕೇಳಲಿಲ್ಲ. ಸಂಜೆ ಶಾಲೆಯ ಗೇಟಿನಲ್ಲಿ ತಾಯಂದಿರು ತಂದೆಯಂದಿರು ಒಬ್ಬರ ಮುಖ ಒಬ್ಬರು ನೋಡದೆ ಮೊಬೈಲು ನೋಡುತ್ತಿದ್ದರು. ಕಾಂದೆಲಾ ಮಾತ್ರ ತಲೆಯೆತ್ತಿಕೊಂಡು ಹೊರಗೆ ಬಂದಳು, ಹಿಂದೆ ನಾಲ್ಕು ಜನ ಪರಿವಾರ.

ಅದೇ ಸಂಜೆ ತರಗತಿಯ ವಾಟ್ಸಾಪ್ ಗುಂಪು ಬಾಯಿಬಿಟ್ಟಿತು. ಒಬ್ಬಳ ಮಗ ಚಾವಣಿಯ ಮೇಲೆ ಜನ ಕಾಣಲಿ ಎಂದು ಹಾಡುಹಗಲಲ್ಲಿ ಮನೆಯ ಶಟರುಗಳನ್ನೆಲ್ಲ ಇಳಿಸಿ ಮೇಲೆತ್ತಲು ಬಿಡುತ್ತಿಲ್ಲ. ಇನ್ನೊಬ್ಬಳ ಮಗಳು ಲಾಡಿಗೆ ಜೋತುಬಿದ್ದು ಕಿತ್ತುಹಾಕಿದ್ದಾಳೆ. ಹಲ್ಲಿನ ಡಾಕ್ಟರ ಮನೆಯಲ್ಲಿ ಮೂರು ಪಟ್ಟಿ ಮುರಿದಿವೆ. ಮಂಗಳವಾರ ಬೆಳಿಗ್ಗೆ ಹತ್ತರೊಳಗೆ ಕಾಸಿಗೆ ಒಂಬತ್ತು ಫೋನು.

ಮೊದಲು ಬ್ರೂನೋನ ಮನೆಗೆ ಹೋದ. ಬ್ರೂನೋನ ಅಪ್ಪ, ತಲೆ ಹೊಲಿದವನು, ಬಾಗಿಲು ತೆಗೆದು ಕಾಫಿ ಕೊಡಲೇ ಎಂದು ಎರಡು ಸಲ ಕೇಳಿದ. ಕಾಸಿ ಏಣಿ ಹಾಕಿ, ಹೊಸ ಲಾಡಿ ಪೋಣಿಸಿ, ಶಟರನ್ನು ಗೊರಗೊರ ಇಳಿಸಿದ. ಕಿಟಕಿಯ ಬುಡಕ್ಕೆ ಇನ್ನೊಂದು ಬೆರಳಿರುವಾಗ ನಿಲ್ಲಿಸಿ, ಮೇಲಿಂದಲೇ ತಿರುಗಿ ಕೇಳಿದ:

“ಪೂರ್ತಿ ಮುಚ್ಚೋ ಹಾಗೆ ಮಾಡ್ಲಾ ಸಾರ್, ಇಲ್ಲಾ ಒಂದು ಕಿಂಡಿ ಬಿಟ್ಟು ಕಾಸಿ ಸಾಕಾ?”

ಅಪ್ಪ ಬಾಯಿ ತೆಗೆಯುವ ಮೊದಲೇ ಮಂಚದ ಕೆಳಗಿನಿಂದ ಬ್ರೂನೋ ಕೂಗಿದ: “ಕಾಸಿ!”